ನಿಂಬೆಯ ಪಕ್ಕದ ಅರಿಶಿನ

ಹಣ್ಣಿನ ಮಷೀನು ಎಂದರೆ ಹಣ್ಣು ಕೊಡುವ ಮಷೀನಲ್ಲ ಎಂದು ಅಮ್ಮನಿಗೆ ಮೂರು ಭಾನುವಾರ ಫೋನಿನಲ್ಲಿ ವಿವರಿಸಿದೆ. ಮೂರನೆಯ ಭಾನುವಾರ ಅವಳು, “ಆಯ್ತಪ್ಪ, ಜ್ಯೂಸಾದ್ರೂ ಬರುತ್ತಾ ಅದ್ರಲ್ಲಿ?” ಎಂದು ಕೇಳಿದ ಮೇಲೆ ಆ ವಿಷಯ ಎತ್ತುವುದನ್ನೇ ಬಿಟ್ಟೆ.

ಅದೊಂದು ಎರಕದ ಲೋಹದ ಪೆಟ್ಟಿಗೆ. ಎದುರಿಗೆ ಸಣ್ಣ ಗಾಜಿನ ಕಿಟಕಿ, ಒಳಗೆ ಮೂರು ತಗಡಿನ ಗಾಲಿ, ಗಾಲಿಗಳ ಸುತ್ತ ಅಂಟಿಸಿದ ಕಾಗದದ ಪಟ್ಟಿ. ಪಟ್ಟಿಯ ಮೇಲೆ ಚೆರ್ರಿ, ನಿಂಬೆ, ಕಿತ್ತಳೆ, ಪ್ಲಮ್ಮು, ನಡುವೆ ಏಕೋ ಒಂದು ಗಂಟೆ. ನಾಣ್ಯ ಹಾಕಿ ಬಲಗಡೆಯ ಹಿಡಿ ಎಳೆದರೆ ಗಾಲಿಗಳು ಗಿರ್ರನೆ ತಿರುಗಿ ಒಂದಾದ ಮೇಲೊಂದು ನಿಲ್ಲುತ್ತವೆ. ಮೂರೂ ಒಂದೇ ಹಣ್ಣು ತೋರಿಸಿದರೆ ಕೆಳಗಿನ ಬಟ್ಟಲಿಗೆ ನಾಣ್ಯ ಉದುರುತ್ತದೆ. ಇಲ್ಲದಿದ್ದರೆ ಇಲ್ಲ. ಸಾಮಾನ್ಯವಾಗಿ ಇಲ್ಲ.

ಇಷ್ಟು ಬಿಡಿಸಿ ಹೇಳಿದರೆ ಜೂಜು ಎಂಬ ಪದ ಬಾಯಿಗೆ ಬಂದೇ ಬರುತ್ತದೆ. ಮೈಸೂರಿನ ನಮ್ಮ ಮನೆಯಲ್ಲಿ ಇಸ್ಪೀಟಿನ ಎಲೆಗಳಿಂದ ಗೋಪುರ ಕಟ್ಟಬಹುದಿತ್ತು, ಆಡುವಂತಿರಲಿಲ್ಲ. ಹಾಗಾಗಿ “ಹಳೇ ಮಷೀನ್ ರಿಪೇರಿ ಮಾಡ್ತೀನಮ್ಮ, ಶನಿವಾರ ಶನಿವಾರ” ಎಂದು ಮುಗಿಸಿದ್ದೆ.

“ದುಡ್ಡು ಕೊಡ್ತಾರಾ?”

“ಕಾಫಿ ಕೊಡ್ತಾರೆ.”

ಅಮ್ಮ ಬಿಟ್ಟ ನಿಟ್ಟುಸಿರಿಗೆ ನಾನು ಐಎಸ್‌ಡಿ ದರ ಕೊಟ್ಟೆ.

1999ರ ಆ ದಿನಗಳಲ್ಲಿ ಸಂಬಳ ಬರುತ್ತಿದ್ದ ನನ್ನ ಕೆಲಸವೆಂದರೆ, ಹಾಲೆಂಡಿನ ಜೂಟರ್‌ಮೀರ್‌ನ ಒಂದು ಕಚೇರಿಯ ಏಳನೆಯ ಮಹಡಿಯಲ್ಲಿ ಕೂತು, ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿರುವ ಜಾಗ ಹುಡುಕಿ ನಾಲ್ಕು ಅಂಕಿ ಮಾಡುವುದು. ಜನವರಿ ಒಂದಕ್ಕೆ ಪ್ರಪಂಚ ನಿಂತುಹೋಗಬಾರದೆಂದು ನಮ್ಮನ್ನೆಲ್ಲ ಕರೆಸಿದ್ದರು. ಪ್ರಪಂಚ ನಿಲ್ಲುವ ಮೊದಲು ನಾನೇ ನಿಲ್ಲುವಂತಿದ್ದೆ. ಇದು ಮೈ ದಣಿಯುವ ಆಯಾಸವಲ್ಲ. ಮೈ ದಣಿದರೆ ಹಸಿವಾದರೂ ಆಗುತ್ತದೆ. ಇದು, ಬೆಳಗ್ಗೆ ಹಲ್ಲುಜ್ಜುವಾಗ ಪೇಸ್ಟಿನ ಟ್ಯೂಬಿನ ಮೇಲೆ ಎರಡಂಕಿಯ ಇಸವಿ ಕಂಡು ಕೈ ತಾನಾಗಿ ಪೆನ್ನು ಹುಡುಕುವ ಆಯಾಸ. ಕಚೇರಿಯಲ್ಲಿ ನನಗಿದ್ದ ಒಂದೇ ಗೌರವವೆಂದರೆ ಮಿಮಿಕ್ರಿ. ಮ್ಯಾನೇಜರು ಗಂಟಲು ಸರಿಮಾಡಿಕೊಳ್ಳುವುದು, ಲಿಫ್ಟಿನ ಹೆಂಗಸು ಮಹಡಿ ಹೇಳುವುದು, ಕಾಫಿ ಯಂತ್ರ ಕೊನೆಯ ಹನಿಗೆ ಮುಲುಗುವುದು, ಎಲ್ಲವನ್ನೂ ಮಾಡುತ್ತಿದ್ದೆ. ನನ್ನನ್ನೇ ಮಾಡಿ ತೋರಿಸು ಎಂದರೆ ಬಾಯಿ ತೆರೆದು ಪರದೆ ನೋಡುತ್ತ ಕೂರುತ್ತಿದ್ದೆ. ಅದಕ್ಕೇ ಹೆಚ್ಚು ಚಪ್ಪಾಳೆ.

ನಾನಿದ್ದ ಕಟ್ಟಡದಲ್ಲಿ ಪ್ರತಿ ಮನೆಗೂ ನೆಲಮಹಡಿಯಲ್ಲಿ ಒಂದೊಂದು ಕಿಟಕಿಯಿಲ್ಲದ ಸಾಮಾನಿನ ಕೋಣೆ. ಡಚ್ಚರು ಅದಕ್ಕೆ ಬೆರ್ಖಿಂಗ್ ಎನ್ನುತ್ತಾರೆ. ಆಗಸ್ಟಿನ ಒಂದು ಶನಿವಾರ ಸೈಕಲ್ ಇಡಲು ಹೋದಾಗ ಪಕ್ಕದ ಬೆರ್ಖಿಂಗಿನಿಂದ ಒಂದು ಸದ್ದು ಬಂತು. ಝರ್ರ್ ಎಂದು ಏನೋ ತಿರುಗಿತು, ಟಕ್ ಎಂದು ನಿಂತಿತು, ಮತ್ತೆ ಟಕ್ ಎಂದಿತು. ಮೂರನೆಯದು ಬರಲಿಲ್ಲ. ಎರಡು ಸೀನಿ ಮೂರನೆಯದಕ್ಕೆ ಬಾಯಿ ತೆರೆದು ನಿಂತವನನ್ನು ನೋಡಿದಂತಾಯಿತು. ತಡೆಯಲಾರದೆ ನಾನೇ ನಾಲಿಗೆಯಿಂದ “ಟಕ್” ಅಂದೆ.

ಬಾಗಿಲಲ್ಲಿ ಒಬ್ಬರು ಮುದುಕರು ಕಾಣಿಸಿದರು. ನೀಲಿ ಕೋಟು, ಹಣೆಯ ಮೇಲೆ ಕನ್ನಡಕ. ಬೈಯುತ್ತಾರೆಂದುಕೊಂಡೆ.

“ಇನ್ನೊಂದು ಸಲ ಮಾಡು” ಅಂದರು.

ಮಾಡಿದೆ. ಝರ್ರ್, ಟಕ್, ಟಕ್, ಟಕ್.

“ಮೂರನೆಯದು ಎಲ್ಲಿ ಬರಬೇಕು ಅಂತ ನಿನಗೆ ಹೇಗೆ ಗೊತ್ತಾಯ್ತು?”

“ಗೊತ್ತಿಲ್ಲ ಮೆನೇರ್. ಅಲ್ಲಿ ಬರದಿದ್ದರೆ ಹಲ್ಲು ಜುಮ್ಮೆನ್ನುತ್ತೆ.”

ಮೆನೇರ್ ಎಂದರೆ ಡಚ್ಚಿನಲ್ಲಿ ಯಜಮಾನರೇ ಎಂದಂತೆ. ನಾವಾಡಿದ್ದು ನನ್ನ ಸಂಜೆ ಕ್ಲಾಸಿನ ಡಚ್ಚು ಮತ್ತು ಅವರ ಸಮುದ್ರತೀರದ ಇಂಗ್ಲಿಷಿನ ಮಿಶ್ರಣ. ಕನ್ನಡದಲ್ಲಿ ಬರೆಯುವಾಗ ಎರಡಕ್ಕೂ ಇಲ್ಲದ ಮರ್ಯಾದೆ ಬಂದಿದೆ, ಓದುವವರು ಕ್ಷಮಿಸಬೇಕು.

ಅವರಿಗೆ ಎಪ್ಪತ್ತಾರು. ನೂರ್ಡ್‌ವೈಕ್‌ನಿಂದ ಕೆಳಕ್ಕೆ ಸಮುದ್ರದ ಉದ್ದಕ್ಕೂ ಇದ್ದ ಕಾಫಿ ಅಂಗಡಿ, ಹೋಟೆಲುಗಳಲ್ಲಿ ಇಂಥ ಮಷೀನುಗಳನ್ನು ರಿಪೇರಿ ಮಾಡುತ್ತ ಮೂವತ್ತು ವರ್ಷ ತಿರುಗಿದವರು. ಕರೆಂಟಿನ ಮಷೀನುಗಳು ಬಂದಾಗ ಮಾಲೀಕರು ಹಳೆಯದನ್ನೆಲ್ಲ ಸುತ್ತಿಗೆಯಿಂದ ಒಡೆದು ಗುಜರಿಗೆ ಹಾಕಲು ಅವರಿಗೇ ಹೇಳಿದ್ದರಂತೆ. ಒಡೆದರು. ಐದನ್ನು ಮಾತ್ರ ಒಡೆಯದೆ ಮನೆಗೆ ತಂದರು. ಆ ಐದು ಈಗ ಈ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಆಸ್ಪತ್ರೆಯ ಹೊರಗೆ ಟೋಕನ್ ಹಿಡಿದು ಕೂತವರಂತೆ ಕೂತಿದ್ದವು.

ಮುದುಕರ ಕೈ ನಡುಗುತ್ತಿತ್ತು. ಕಪ್ಪು ಹಿಡಿದರೆ ತಟ್ಟೆ ಮಾತಾಡುತ್ತಿತ್ತು. ಕಿವಿಯೂ ಅರ್ಧ ಹೋಗಿತ್ತು. ಅಕ್ಟೋಬರ್ ಕೊನೆಗೆ ಮನೆ ಖಾಲಿ ಮಾಡಿ, ಮಗಳ ಊರಿನಲ್ಲಿದ್ದ ವೃದ್ಧರ ವಸತಿಯ ಒಂದು ಕೋಣೆಗೆ ಹೋಗಬೇಕಿತ್ತು. ಅಲ್ಲಿ ಮಂಚ, ಕುರ್ಚಿ, ಟಿವಿಗೆ ಜಾಗ; ಐದು ಮಷೀನಿಗೆ ಇಲ್ಲ. ಉತ್ತರದ ಡ್ರೆಂಥೆ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಹಳೆಯ ಕಾಫಿ ಅಂಗಡಿಗಳ ಸಾಮಾನು ಕೂಡಿಟ್ಟು ಒಂದು ಕೊಟ್ಟಿಗೆಯನ್ನೇ ಮ್ಯೂಸಿಯಂ ಮಾಡಿದ್ದ ಹೆಂಗಸು, ಐದನ್ನೂ ಒಟ್ಟಿಗೆ ಒಯ್ಯುವುದಾಗಿ ಒಪ್ಪಿದ್ದಳು. ಷರತ್ತು ಒಂದೇ: ಐದರಲ್ಲಿ ಹಳೆಯದು, ಆ ಮೂರನೆಯ ಗಾಲಿ ನಿಲ್ಲದ ಮಷೀನು, ತನ್ನದೇ ಭಾಗಗಳೊಂದಿಗೆ ಓಡಬೇಕು, ಯಾರೂ ಕೈಯಾಡಿಸದ ಅದರ ಕಾಗದ, ಬಣ್ಣ ಹಾಗೆಯೇ ಇರಬೇಕು.

“ಆಗದಿದ್ದರೆ?”

“ಹೇಗ್‌ ನಗರದಿಂದ ವ್ಯಾಪಾರಿ ಬರುತ್ತಾನೆ. ಒಂದರ ಹಿಡಿ, ಇನ್ನೊಂದರ ಮುಖ, ಮತ್ತೊಂದರ ಗಾಲಿ ಬಿಚ್ಚಿ ಮಾರುತ್ತಾನೆ. ನಾನು ಸುತ್ತಿಗೆಯಲ್ಲಿ ಮಾಡಿದ್ದನ್ನು ಅವನು ಸ್ಕ್ರೂಡ್ರೈವರಲ್ಲಿ ಮಾಡುತ್ತಾನೆ, ಅಷ್ಟೇ.”

ಹೀಗೆ ನನ್ನ ಕೈ, ನನ್ನ ಕಿವಿ, ಅವರ ತಲೆ ಸೇರಿ ಶನಿವಾರಗಳು ಶುರುವಾದವು. ಎರಡು ಶನಿವಾರ ಬರೀ ಒರೆಸಿದೆ. ಹಳೆಯ ಗ್ರೀಸು ಏರುಪಾಕದ ಬೆಲ್ಲದಂತೆ ಹಲ್ಲುಗಳ ಸಂದಿನಲ್ಲಿ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ಹಿತ್ತಾಳೆ ಬ್ರಷ್ಷಿನಲ್ಲಿ ಉಜ್ಜಿ, ಮತ್ತೆ ನೆನೆಸಿ. ಸ್ಪ್ರಿಂಗನ್ನು ಕೊಕ್ಕೆಗೆ ಸಿಕ್ಕಿಸುವಾಗ ಅದು ಹಾರಿ ಎಲ್ಲೋ ಬೀಳುತ್ತಿತ್ತು. ಇಬ್ಬರೂ ಮಂಡಿಯೂರಿ ಹುಡುಕುತ್ತಿದ್ದೆವು. ಹತ್ತೂವರೆಗೆ ಸರಿಯಾಗಿ ಕಾಫಿ. ಅರ್ಧ ಎಳೆದ ಸ್ಪ್ರಿಂಗು ನನ್ನ ಇಕ್ಕಳದಲ್ಲಿದ್ದರೂ ಹತ್ತೂವರೆಗೆ ಕಾಫಿಯೇ. ನಾನು ಹಿಡಿ ಎಳೆದು, ಕೇಳಿದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಿದ್ದೆ; ಅವರು ನನ್ನ ಬಾಯಿಯ ಹತ್ತಿರ ಕಿವಿ ತಂದು, “ಎರಡನೆಯದು ಬೇಗ ಬಂತು, ಎಡಗಡೆ ಪಟ್ಟಿ ಸಡಿಲ ಮಾಡು” ಎನ್ನುತ್ತಿದ್ದರು. ಕಚೇರಿಯಲ್ಲಿ ವಾರವೆಲ್ಲ ಕೆಲಸ ಮಾಡಿ ಏನು ಮಾಡಿದೆ ಎಂದು ಕೇಳಿದರೆ ತೋರಿಸಲು ಏನೂ ಇರುತ್ತಿರಲಿಲ್ಲ. ಇಲ್ಲಿ ಒಂದು ಹಲ್ಲು ಹೊಳೆಯುತ್ತಿತ್ತು. ಹಾಗೆಂದು ಆಯಾಸ ಹೋಯಿತೆನ್ನುವುದು ಸುಳ್ಳು. ಇದ್ದ ಆಯಾಸಕ್ಕೆ ಸೀಮೆಎಣ್ಣೆಯ ವಾಸನೆ ಸೇರಿಕೊಂಡಿತು, ಅಷ್ಟೇ.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಹಬ್ಬ ವಾರದ ನಡುವೆ ಬಂದರೂ ಹೊರದೇಶದಲ್ಲಿ ನಮ್ಮವರು ಅದನ್ನು ಭಾನುವಾರಕ್ಕೆ ಎಳೆದುಕೊಳ್ಳುತ್ತಾರೆ. ದೇವರಿಗೂ ಕೆಲಸದ ಪರ್ಮಿಟ್ಟಿನ ಕಷ್ಟ ಗೊತ್ತು. ಐದನೆಯ ಮಹಡಿಯಲ್ಲಿ ಧಾರವಾಡದ ಕಡೆಯ ಅಕ್ಕನ ಮನೆ. ಅವರ ಯಜಮಾನರು ನೂರ್ಡ್‌ವೈಕ್‌ನಲ್ಲಿ ಉಪಗ್ರಹಗಳ ಸಂಶೋಧನೆಗೆ ಹೋಗುವವರು, ಆ ವಾರ ಊರಲ್ಲಿರಲಿಲ್ಲ. ಅಕ್ಕ ನನ್ನನ್ನೂ, ನನ್ನ ಜೊತೆ ಮನೆ ಹಂಚಿಕೊಂಡಿದ್ದ ಬೆಂಗಳೂರಿನ ಗೆಳೆಯನನ್ನೂ ಕರೆದರು.

“ಏ ತಮ್ಮಾ, ಖಂಡೇನವಮಿ ಪೂಜಿ ಮಾಡೂಣು. ನಿಮ್ಮ ಕಂಪ್ಯೂಟರ್, ಸೈಕಲ್ಲು, ಏನೇನ್ ಅದಾವ ಎಲ್ಲಾ ತರ್ರಿ.”

“ಸೈಕಲ್ ಐದನೇ ಮಹಡಿಗೆ ತರಕ್ಕಾಗಲ್ಲ ಅಕ್ಕಾ.”

“ಹಂಗಾರ ದೇವರು ಕೆಳಗ ಬರ್ತಾನ. ನಡೀ.”

ತಟ್ಟೆಯಲ್ಲಿ ಕಲಸಿದ ಅರಿಶಿನ, ಕುಂಕುಮ, ಗಾಲಿಯ ಕೆಳಗಿಡಲು ನಿಂಬೆಹಣ್ಣು ಹಿಡಿದು ಮೂವರೂ ಕೆಳಗಿಳಿದೆವು. ಸೈಕಲ್ಲುಗಳಿಗೆ ಪೂಜೆಯಾಯಿತು. ಅಕ್ಕ ಪಕ್ಕದ ಬಾಗಿಲು ನೋಡಿ, “ಆ ಅಜ್ಜಾರ ಮಷೀನ್ ಇದರಾಗ ಅದಾವೇನು? ಅವೂ ಆಯುಧನ ಅಲ್ಲೇನೋ? ಹಬ್ಬದ ದಿನ ಹಣಿ ಬೋಳಾಗಿ ಕುಂತಿರ್ತಾವ, ಪಾಪ” ಅಂದರು. ಮುದುಕರು ಮಗಳ ಮನೆಗೆ ಹೋಗಿದ್ದರು. ಬೀಗದ ಕೈ ನನ್ನ ಹತ್ತಿರವೇ ಇತ್ತು.

ತೆರೆದೆ. ನಾಲ್ಕು ಮಷೀನಿನ ನೆತ್ತಿಗೆ ಅಕ್ಕ ಚೊಕ್ಕವಾಗಿ ಬೊಟ್ಟಿಟ್ಟರು. ಲೋಹ, ಒರೆಸಿದರೆ ಹೋಗುತ್ತದೆ. ಹಳೆಯ ಮಷೀನಿನ ಹೊಟ್ಟೆ ಬಿಚ್ಚಿತ್ತು. ಅದರ ಮೂರು ಗಾಲಿಗಳು ಮೇಜಿನ ಮೇಲೆ, ಪೇಪರಿನ ಮೇಲೆ ಮಲಗಿದ್ದವು. ಇಲ್ಲಿ ನಾನು ಮುಂದೆ ಬಂದೆ. ಎದುರಿಗೆ ಇಬ್ಬರು ಪ್ರೇಕ್ಷಕರಿದ್ದರು, ಅದೇ ಸಾಕಾಯಿತು. ನಮ್ಮ ಬೀದಿಯ ಪುರೋಹಿತರ ಮೂಗಿನ ದನಿಯಲ್ಲಿ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಶುರು ಮಾಡಿದೆ. “ಭಕ್ತಾದಿಗಳ ಗಮನಕ್ಕೆ! ಲೈಡನ್ ಕಡೆಗೆ ಹೊರಡುವ ಮಹಾಮಂಗಳಾರತಿ ಎಂಟು ನಿಮಿಷ ತಡವಾಗಿ ಚಲಿಸುತ್ತಿದೆ...” ಗೆಳೆಯ ಗೋಡೆ ಹಿಡಿದು ನಗುತ್ತಿದ್ದ. ನಾನು ಅರಿಶಿನಕ್ಕೆ ಬೆರಳದ್ದಿ ಮೊದಲ ಗಾಲಿಯ ತಗಡಿನ ಅಂಚಿಗೆ ಹಚ್ಚಿದೆ. ಎರಡನೆಯದಕ್ಕೂ. ಮೂರನೆಯ ಗಾಲಿ ಎತ್ತಿದಾಗ ನಿಂಬೆಹಣ್ಣಿನ ಚಿತ್ರ ದುಂಡಗೆ, ಹಳದಿಯಾಗಿ, ಸ್ನಾನ ಮುಗಿಸಿ ಬಂದ ಮುತ್ತೈದೆಯ ಮುಖದಂತೆ ನನ್ನನ್ನೇ ನೋಡುತ್ತಿತ್ತು. ಬೆರಳು ತಾನಾಗಿಯೇ ಹಣೆ ಹುಡುಕಿಕೊಂಡು ಹೋಯಿತು.

“ಏ, ಅದು ಕಾಗದ ಐತಲ್ಲೋ!” ಅಂದರು ಅಕ್ಕ.

ಕಾಗದವೇ. ಅರುವತ್ತು ವರ್ಷದ ಕಾಗದ, ಗಾರೆ ಗೋಡೆಯಂತೆ ಕುಡಿಯಿತು. ಅಕ್ಕನ ಕೂಗಿಗೆ ಬೆರಳು ಜಾರಿ, ನಿಂಬೆಯ ಪಕ್ಕದ ಬಿಳಿ ಜಾಗದಲ್ಲಿ ನನ್ನ ತೋರುಬೆರಳಿನಗಲದ ಅರಿಶಿನ.

ನಗು ನಿಂತಿತು. ನಾನು ಯೋಚಿಸಲಿಲ್ಲ. ಮುದುಕರು ಕೈ ತೊಳೆಯುತ್ತಿದ್ದ ಹಸಿರು ಸೋಪಿನ ನೀರಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಹಳದಿ ಹೋಯಿತು. ಕೆಂಪಾಯಿತು. ಕಣ್ಣೆದುರಿಗೇ, ರಕ್ತ ಹೆಪ್ಪುಗಟ್ಟಿದಂಥ ಕೆಂಪು.

“ಅಯ್ಯ ಶಿವನ! ಸಾಬಾನ ಹಚ್ಚಿದ್ಯಾ ಹುಚ್ಚಪ್ಯಾಲಿ? ಆರತಿ ನೀರಾಗ ಅರಿಷಿಣಕ್ಕ ಸುಣ್ಣ ಹಾಕಿದ್ರ ಏನಾಗ್ತೈತಿ? ಹುಟ್ಟಿದಾಗಿಂದ ನೋಡಿಲ್ಲೇನ್ ನೀ? ಸಾಬಾನದಾಗೂ ಹಂಗ ಆಗ್ತೈತಿ!”

ನೋಡಿದ್ದೆ. ಹುಟ್ಟಿದಾಗಿನಿಂದ ಎಷ್ಟು ಆರತಿ ಎತ್ತಿಸಿಕೊಂಡಿದ್ದೇನೋ, ಅಷ್ಟೂ ಸಲ ಆ ಕೆಂಪು ನೀರು ನೋಡಿದ್ದೆ. ಅರಿಶಿನ ಗೊತ್ತಿಲ್ಲದ ಯಾರೂ ಆ ಪಟ್ಟಿಗೆ ಅದನ್ನು ಹಚ್ಚುತ್ತಿರಲಿಲ್ಲ. ಅರಿಶಿನ ಗೊತ್ತಿದ್ದೂ ಸೋಪು ಹಾಕುವವನು ಸಿಗಬೇಕಾದರೆ ನನ್ನಂಥವನೇ ಬೇಕು.

ಅಕ್ಕ ನಿಂಬೆಹಣ್ಣು ಕೊಯ್ದು, ಹತ್ತಿಯ ತುದಿಗೆ ಒಂದು ಹನಿ ಹಿಂಡಿ, ಕಲೆಯ ಮೇಲಷ್ಟೇ ಒತ್ತಿದರು. ಕೆಂಪು ಮತ್ತೆ ಹಳದಿಯಾಯಿತು. “ಇನ್ನ ಮುಟ್ಟಬ್ಯಾಡ. ಬಿಸಲಿಗಿಡು. ಅರಿಷಿಣ ಬಿಸಲಿಗೆ ಹೋಗ್ತೈತಿ. ನಮ್ಮವ್ವ ಧೋತರದ ಮ್ಯಾಲಿನ ಕಲಿ ಹಂಗ ತಗೀತಿದ್ಲು.”

“ಬಿಸಿಲೆಲ್ಲಿದೆ ಅಕ್ಕಾ?” ಅಂದ ಗೆಳೆಯ.

ಮೂವರೂ ಬಾಗಿಲಾಚೆ ನೋಡಿದೆವು. ಹಾಲೆಂಡಿನ ಅಕ್ಟೋಬರು ಅಲ್ಲಿ ಒದ್ದೆ ಕಂಬಳಿಯಂತೆ ಬಿದ್ದಿತ್ತು.

ಸೋಮವಾರ ಸಂಜೆ ಕಚೇರಿಯಿಂದ ಬಂದವನೇ ಮುದುಕರ ಬಾಗಿಲು ತಟ್ಟಿದೆ. ದಾರಿಯುದ್ದಕ್ಕೂ ಎರಡು ಮೂರು ಸುಳ್ಳು ತಾಲೀಮು ಮಾಡಿದ್ದೆ, ಪಾತ್ರಕ್ಕೆ ತಕ್ಕ ದನಿಯ ಸಮೇತ. ಅವರು ಬಾಗಿಲು ತೆಗೆದು, “ಓ, ನೀನಾ? ಗಾಲಿ ಒಣಗಿತಾ?” ಎಂದು ಕೇಳಿದರು. ಎಲ್ಲ ಹೇಳಿಬಿಟ್ಟೆ. ಹಬ್ಬವೆಂದರೆ ಏನು, ಉಪಕರಣಗಳಿಗೆ ಏಕೆ ಪೂಜೆ, ಹಣೆ, ಅರಿಶಿನ, ಸೋಪು. ಸೋಪಿಗೆ ಬರುವಷ್ಟರಲ್ಲಿ ನನ್ನ ಡಚ್ಚು ಮುಗಿದಿತ್ತು, ಅಕ್ಕ ಹೇಳಿದ ಬಿಸಿಲನ್ನು ಇಂಗ್ಲಿಷಿನಲ್ಲಿ ಮುಗಿಸಿದೆ.

ಅವರು ಕೆಳಗೆ ಬಂದು ಭೂತಗನ್ನಡಿ ಹಿಡಿದರು. ಕೈ ನಡುಗುತ್ತಿದ್ದುದರಿಂದ ನಾನೇ ಅದನ್ನು ಹಿಡಿದು ಕೊಡಬೇಕಾಯಿತು. ಅಂದರೆ ನನ್ನ ಕಲೆಯನ್ನು ನಾನೇ ದೊಡ್ಡದಾಗಿ ತೋರಿಸಿದೆ. ಬಹಳ ಹೊತ್ತು ನೋಡಿದರು.

“ಇದನ್ನು ಆಶೀರ್ವಾದಕ್ಕೆ ಮಾಡಿದೆಯೋ, ತಮಾಷೆಗೆ ಮಾಡಿದೆಯೋ?”

“ಎರಡಕ್ಕೂ, ಮೆನೇರ್.”

“ಹುಂ. ಎರಡನ್ನೂ ವಿಚಾರಿಸಿಕೊಳ್ಳಲು ನನ್ನ ಹತ್ತಿರ ಸಮಯವಿಲ್ಲ. ಮ್ಯೂಸಿಯಮ್ಮಿನವಳು ಬರುವುದಕ್ಕೆ ಹತ್ತು ದಿನವಿದೆ. ನಿಮ್ಮ ಐದನೆಯ ಮಹಡಿಯ ಹೆಂಗಸು ಹೇಳಿದ ಬಿಸಿಲಿನ ವಿಷಯ ನಿಜವಾ?”

“ನಿಜ. ಆದರೆ ಬಿಸಿಲಿಗೆ ಹಣ್ಣುಗಳ ಬಣ್ಣವೂ ಹೋಗಬಹುದು.”

“ಹಾಗಾದರೆ ಹಣ್ಣಿಗೆ ಕೊಡೆ ಹಿಡಿ.”

ಕಪ್ಪು ಕಾಗದವನ್ನು ಗಾಲಿಯ ಸುತ್ತ ಸುತ್ತಿ, ಕಲೆಯಿದ್ದಲ್ಲಿ ಮಾತ್ರ ಬ್ಲೇಡಿನಿಂದ ಒಂದು ಕಿಂಡಿ ಕೊರೆದೆ. ಅವರು ಹೇಳಿದಂತೆ ಮೂರು ಸಲ ಕೊರೆದೆ. ಎರಡು ಸಲ ಅವರಿಗೆ ಒಪ್ಪಿಗೆಯಾಗಲಿಲ್ಲ. ಗಾಲಿ ಈಗ ಬುರ್ಖಾ ಹಾಕಿಕೊಂಡ ಡಬ್ಬಿಯಂತೆ ಕಾಣುತ್ತಿತ್ತು.

ಮರುದಿನದಿಂದ ಅದನ್ನು ಊಟದ ಚೀಲದಲ್ಲಿಟ್ಟು ಕಚೇರಿಗೆ ಒಯ್ದೆ. ಏಳನೆಯ ಮಹಡಿಯಲ್ಲಿ ದಕ್ಷಿಣದ ಕಿಟಕಿ ಒಂದೇ, ಅದು ಮ್ಯಾನೇಜರ ಬೆನ್ನ ಹಿಂದೆ. ಮೋಡ ಸರಿದಾಗಲೆಲ್ಲ ಎದ್ದು ಹೋಗಿ ಗಾಲಿಯನ್ನು ಸರಿಸಿ ಬರುತ್ತಿದ್ದೆ. ಮೂರನೆಯ ಸಲಕ್ಕೆ ಮ್ಯಾನೇಜರು ಗಂಟಲು ಸರಿಮಾಡಿಕೊಂಡು, “ಇದು ನಮ್ಮ ಯೋಜನೆಯ ಭಾಗವೇ?” ಎಂದು ಕೇಳಿದರು.

“ಇಲ್ಲ. ಇದಕ್ಕೆ ಸೂರ್ಯ ಬೇಕು.”

“ಎಲ್ಲರಿಗೂ ಬೇಕು” ಎಂದು ತಮ್ಮ ಹೂಕುಂಡ ಸರಿಸಿ ಜಾಗ ಬಿಟ್ಟರು. ಅವರ ಗಂಟಲನ್ನು ಅಷ್ಟು ತಿಂಗಳು ಆಡಿಕೊಂಡದ್ದಕ್ಕೆ ಆ ದಿನ ಸ್ವಲ್ಪ ನಾಚಿಕೆಯಾಯಿತು, ಸಂಜೆಗೆ ಹೋಯಿತು.

ಮಂಗಳವಾರ ಬಿಸಿಲು ಹದಿನೈದು ನಿಮಿಷ. ಬುಧವಾರ ಇಲ್ಲವೇ ಇಲ್ಲ. ಗುರುವಾರ ಊಟದ ಹೊತ್ತಿಗೆ ಚೆನ್ನಾಗಿ ಬಂತು. ಆಗಲೇ ನನ್ನನ್ನು ಮೀಟಿಂಗಿಗೆ ಕರೆದರು. ಗೆಳೆಯ ಮನೆಯಲ್ಲಿ, “ಏನ್ ಗುರು, ಇವತ್ತು ಮಗೂಗೆ ಎಷ್ಟು ಬಿಸಿಲು ಕಾಯಿಸ್ದೆ? ಎಣ್ಣೆ ಹಚ್ಚಿದ್ಯಾ?” ಎಂದು ದಿನವೂ ಕೇಳುತ್ತಿದ್ದ. ತಿರುಗಿ ಬೈಯಲು ಒಂದು ಒಳ್ಳೆ ಮಾತು ಹೊಳೆಯುತ್ತಿರಲಿಲ್ಲ. ಅಷ್ಟು ಸುಸ್ತು.

ಶನಿವಾರ ಟಿವಿಯ ಹವಾಮಾನದವನು ಸಮುದ್ರತೀರದಲ್ಲಷ್ಟೇ ಸೂರ್ಯನ ಚಿತ್ರ ಅಂಟಿಸಿದ. ರೈಲು, ಬಸ್ಸು ಹಿಡಿದು ನೂರ್ಡ್‌ವೈಕ್‌ಗೆ ಹೋದೆ. ಮರಳುದಿಬ್ಬದ ಮರೆಯಲ್ಲಿ, ಗಾಳಿ ಕಿವಿ ಕೊಯ್ಯುತ್ತಿರುವಾಗ, ಜಾಕೆಟ್ಟಿನ ಮೇಲೆ ಟೋಪಿ ಬಿಗಿದು, ತೊಡೆಯ ಮೇಲೆ ಗಾಲಿಯಿಟ್ಟು ಕಿಂಡಿಯನ್ನು ಸೂರ್ಯನ ಕಡೆ ತಿರುಗಿಸಿ ಕೂತೆ. ನಾಯಿ ತಿರುಗಿಸಲು ಬಂದ ಹೆಂಗಸು, “ರೇಡಿಯೋನಾ?” ಎಂದು ಕೇಳಿದಳು. ಹೌದೆಂದೆ. ಸಮುದ್ರ ಒಂದೇ ಸಮನೆ ಏನನ್ನೋ ಓದಿ ಹೇಳುತ್ತಿತ್ತು. ಈ ದೇಶಕ್ಕೆ ಬಂದ ಎಂಟು ತಿಂಗಳಲ್ಲಿ ಮೊದಲ ಬಾರಿಗೆ ನಾನು ಮಾಡಬೇಕಾದ ಕೆಲಸ ಸುಮ್ಮನೆ ಕೂತಿರುವುದಾಗಿತ್ತು. ಅದನ್ನೂ ಮಾಡಲಾಗಲಿಲ್ಲ. ನಿದ್ದೆ ಹೋದೆ.

ಎಚ್ಚರವಾದಾಗ ಸೂರ್ಯ ಸರಿದು, ನನ್ನದೇ ಟೋಪಿಯ ನೆರಳು ಕಿಂಡಿಯ ಮೇಲೆ ಕೂತಿತ್ತು. ಎಷ್ಟು ಹೊತ್ತಿನಿಂದಲೋ. ಆ ದೇಶದ ಒಂದು ವಾರದ ಬಿಸಿಲನ್ನೆಲ್ಲ ನನ್ನ ತಲೆಯೇ ತಿಂದಿತ್ತು. ಅಲ್ಲೇ ಅತ್ತುಬಿಡೋಣ ಎನ್ನಿಸಿತು. ಅಳುವುದಕ್ಕೂ ಶಕ್ತಿ ಬೇಕಲ್ಲ ಎಂದು ಗಾಲಿಯನ್ನಷ್ಟೇ ತಿರುಗಿಸಿ, ನೆರಳು ಬೀಳದಂತೆ ಅದರ ಹಿಂದೆ ಮರಳಲ್ಲಿ ಬೋರಲು ಮಲಗಿ, ಸಂಜೆಯ ತನಕ ಕಣ್ಣು ಬಿಟ್ಟುಕೊಂಡಿದ್ದೆ. ಭಾನುವಾರವೂ ಹೋದೆ.

ಮಂಗಳವಾರ ಕಪ್ಪು ಕಾಗದ ಬಿಚ್ಚಿದೆವು. ಕಲೆ ಹೋಗಿರಲಿಲ್ಲ, ಹಳೆಯ ಕಾಗದದ ಬಣ್ಣಕ್ಕೆ ಹತ್ತಿರ ಬಂದಿತ್ತು. ಗೊತ್ತಿಲ್ಲದವರು ನೋಡಿದರೆ ಕಾಣದು, ಗೊತ್ತಿದ್ದವರಿಗೆ ಬೇರೇನೂ ಕಾಣದು. ನನಗಂತೂ ಹಾಗೆ. ಎರಡು ಸಂಜೆ ಸೇರಿ ಗಾಲಿಗಳನ್ನು ಕೂರಿಸಿದೆವು. ಮುದುಕರು ನನ್ನ ಮೊಣಕೈ ಹಿಡಿದು, ತಮ್ಮ ನಡುಕ ನನಗೆ ಬರುತ್ತಿದೆಯೆಂದು ಗೊತ್ತಾದಾಗ ಬಿಟ್ಟು, ಬಾಯಲ್ಲೇ ಹೇಳುತ್ತಿದ್ದರು. ಕೊನೆಯ ಸ್ಪ್ರಿಂಗು ಕೊಕ್ಕೆ ಹಿಡಿಯಿತು. ಹಿಡಿ ಎಳೆದೆ. ಝರ್ರ್, ಟಕ್, ಟಕ್, ಟಕ್. ಮೂರನೆಯದು ಬೀಳಬೇಕಾದ ಜಾಗದಲ್ಲೇ ಬಿತ್ತು. ನಾನು ಬಾಯಲ್ಲಿ ಮಾಡಿ ತೋರಿಸಲು ಹೋದೆ. “ಬೇಡ, ನನಗೇ ಕೇಳಿಸಿತು” ಅಂದರು.

ಗುರುವಾರ ನಾನು ರಜೆ ಹಾಕಿದೆ. ಡ್ರೆಂಥೆಯ ಹೆಂಗಸು ಹತ್ತಕ್ಕೆ ಬಂದಳು. ಐವತ್ತರ ಆಸುಪಾಸು, ಗಂಡಸರ ಬೂಟು, ಯಾರದೋ ಬ್ರೆಡ್ಡಿನ ಅಂಗಡಿಯ ವ್ಯಾನು. ನಾಲ್ಕು ಮಷೀನುಗಳನ್ನು ಒಂದೊಂದೇ ಎಳೆದು ನೋಡಿ ತಲೆಯಾಡಿಸಿದಳು. ಹಳೆಯದನ್ನು ಎಳೆದಳು, ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಕಿಟಕಿಯ ಗಾಜು ತೆಗೆಸಿ, ಟಾರ್ಚು ಬಿಟ್ಟು, ಗಾಲಿಗಳನ್ನು ಬೆರಳ ತುದಿಯಿಂದ ನಿಧಾನ ತಿರುಗಿಸಿದಳು. ಚೆರ್ರಿ ಹೋಯಿತು. ಗಂಟೆ ಹೋಯಿತು. ನಿಂಬೆ ಬಂತು.

“ಇಲ್ಲಿ ಏನೋ ಇದೆ.”

ನಾನು ಬಾಯಿ ತೆರೆಯುವ ಮೊದಲೇ ಮುದುಕರು ಹೇಳಿದರು: “ಕಾಫಿ. ಅಂಗಡಿಯಲ್ಲಿದ್ದಾಗಿನದು. ನಾನು ಆಗಲೇ ನೋಡಿದ್ದೆ.”

ಮೂರು ತಿಂಗಳಲ್ಲಿ ಅವರ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅವಳಿಗೆ ಖುಷಿಯಾಯಿತು. “ಹೌದಾ? ಆ ಕಾಲದ ಕಾಫಿಯಾ? ಹಾಗಾದರೆ ಅದನ್ನೇ ಫೋಟೋ ತೆಗೆದು ಪಕ್ಕದಲ್ಲಿ ಬರೆದು ಹಾಕುತ್ತೇನೆ. ಜನಕ್ಕೆ ಇಂಥದ್ದು ಇಷ್ಟ. ಯಾವ ಅಂಗಡಿ? ಯಾವ ಇಸವಿ?”

ಮುದುಕರ ಬಾಯಿ ತೆರೆದು ನಿಂತಿತು. ಇಸವಿ! ಹಗಲೆಲ್ಲ ಸುಳ್ಳು ಇಸವಿ ತಿದ್ದುವುದಕ್ಕೆಂದೇ ಈ ದೇಶಕ್ಕೆ ಬಂದವನು ನಾನು. ಇನ್ನೊಂದನ್ನು ಹುಟ್ಟಿಸುವುದನ್ನು ನೋಡುತ್ತ ನಿಲ್ಲುವ ಶಕ್ತಿ ಇರಲಿಲ್ಲ. ಒಳ್ಳೆತನದಿಂದಲ್ಲ, ಸುಸ್ತಿನಿಂದ ಹೇಳಿದೆ.

“ಕಾಫಿ ಅಲ್ಲ. ಅದು ನಾನು. ಹತ್ತು ಹನ್ನೊಂದು ದಿನವಾಯಿತು. ಅರಿಶಿನ.”

ಅರಿಶಿನಕ್ಕೆ ಡಚ್ಚಿನಲ್ಲಿ ಏನೆನ್ನುತ್ತಾರೆಂದು ಅಂಗಡಿಯ ಪೊಟ್ಟಣ ನೋಡಿ ಕಲಿತಿಟ್ಟುಕೊಂಡಿದ್ದೆ. ಮುದುಕರು ಕನ್ನಡಕ ತೆಗೆದು ಕೋಟಿನ ಜೇಬಿಗೆ ಹಾಕಿದರು. ಅವಳು ಟಾರ್ಚು ಆರಿಸಿ, ಒಬ್ಬೊಬ್ಬರನ್ನೇ ನೋಡಿದಳು. ನಾನು ಉಳಿದದ್ದನ್ನೂ ಹೇಳಿದೆ: ಹಬ್ಬ, ಸೋಪು, ನಿಂಬೆರಸ, ಬಿಸಿಲು.

“ತೊಳೆದು, ಹಿಂಡಿ, ಒಣಗಿಸಿದ ಪಟ್ಟಿಯನ್ನು ಯಾರೂ ಕೈಯಾಡಿಸದ್ದು ಎಂದು ನಾನು ಗಾಜಿನೊಳಗೆ ಇಡುವಂತಿಲ್ಲ” ಅಂದಳು.

“ಗೊತ್ತು” ಅಂದರು ಮುದುಕರು. “ವ್ಯಾಪಾರಿಯ ನಂಬರು ಮೇಲೆ ಮನೆಯಲ್ಲಿದೆ.”

“ಪೂರ್ತಿ ಕೇಳಿ. ಐದನ್ನೂ ಒಯ್ಯುತ್ತೇನೆ. ನಾಲ್ಕು ಗಾಜಿನೊಳಗೆ ಇರುತ್ತವೆ. ಇದು ಬಾಗಿಲ ಹತ್ತಿರ. ಬಂದವರು ಎಳೆದು ನೋಡಲಿಕ್ಕೆ ಒಂದು ಬೇಕೆಂದು ಬಹಳ ದಿನದಿಂದ ಇದೆ. ಹೇಗೂ ಇದನ್ನು ಮುಟ್ಟಿಯಾಗಿದೆ.”

“ಎಳೆದು ನೋಡಲಿಕ್ಕೆ!” ಮುದುಕರ ಮುಖ ಕೆಂಪೇರಿತು. “ಎರಡು ವರ್ಷದಲ್ಲಿ ಸವೆಸಿ ಹಾಕುತ್ತಾರೆ. ಇದನ್ನು ಉಳಿಸಲಿಕ್ಕೆಂದೇ ನಾನು ಮೂವತ್ತು ವರ್ಷ...”

“ಇಲ್ಲವಾದರೆ ನಾಲ್ಕೇ ಒಯ್ಯಬೇಕಾಗುತ್ತದೆ.”

ಅವರು ಮಷೀನಿನ ನೆತ್ತಿಯ ಮೇಲೆ ಕೈಯಿಟ್ಟುಕೊಂಡು ನಿಂತರು. ಒಟ್ಟಿಗೆ ಇದ್ದು ಸವೆಯುವುದು, ಅಥವಾ ಬೇರೆಯಾಗಿ ಬಿಚ್ಚಿಹೋಗುವುದು. ಬಾಯಿ ಮುಚ್ಚಿಕೊಂಡಿದ್ದರೆ ಈ ಎರಡೂ ಇರುತ್ತಿರಲಿಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹತ್ತೂವರೆಯಾಯಿತು, ಹೋಯಿತು. ಕಾಫಿಯ ಮಾತು ಯಾರೂ ಎತ್ತಲಿಲ್ಲ.

“ಎಷ್ಟು ಜನ ಬರುತ್ತಾರೆ ನಿನ್ನ ಕೊಟ್ಟಿಗೆಗೆ?” ಎಂದು ಕೊನೆಗೆ ಕೇಳಿದರು.

“ಬೇಸಿಗೆಯಲ್ಲಿ ಶನಿವಾರಕ್ಕೆ ಹತ್ತೋ ಹನ್ನೆರಡೋ. ಮಳೆ ಬಂದರೆ ಹೆಚ್ಚು, ಬೇರೆಲ್ಲಿಗೂ ಹೋಗಲಾಗುವುದಿಲ್ಲ ನೋಡಿ.”

“ಚಳಿಗಾಲದಲ್ಲಿ?”

“ಯಾರೂ ಇಲ್ಲ. ನವೆಂಬರಿನಿಂದ ಏಪ್ರಿಲಿನವರೆಗೆ ಬೀಗ.”

“ಆರು ತಿಂಗಳು ಯಾರೂ ಎಳೆಯುವುದಿಲ್ಲ?”

“ನಾನೂ ಎಳೆಯುವುದಿಲ್ಲ. ಅಲ್ಲಿ ಹೀಟರೇ ಇಲ್ಲ.”

ಮುದುಕರು ಅದನ್ನು ಬಾಯೊಳಗೇ ಲೆಕ್ಕ ಹಾಕಿದರು. ಆಮೇಲೆ ಕೈ ತೆಗೆದರು. “ಒಯ್ಯಿ.”

ನಾನೂ ಆ ಹೆಂಗಸೂ ಐದನ್ನೂ ಕಂಬಳಿ ಸುತ್ತಿ ವ್ಯಾನಿಗೆ ಹೊತ್ತೆವು. ಒಂದೊಂದೂ ಒಂದು ಎಮ್ಮೆಕರುವಿನಷ್ಟು ಭಾರ. ಹಳೆಯದನ್ನು ಕೊನೆಗೆ ಏರಿಸಿದೆವು. ವ್ಯಾನು ತಿರುವಿನಲ್ಲಿ ಮರೆಯಾಗುವ ತನಕ ಮುದುಕರು ಬಾಗಿಲಲ್ಲೇ ನಿಂತಿದ್ದರು. ನಾನು ಅವರ ಹಿಂದೆ, ಬೈಗುಳಕ್ಕೆ ಸರಿಯಾದ ದೂರದಲ್ಲಿ, ನಿಂತಿದ್ದೆ.

“ನೀನು ಸುಮ್ಮನಿದ್ದಿದ್ದರೆ ಅದು ಗಾಜಿನೊಳಗೆ ಇರುತ್ತಿತ್ತು” ಅಂದರು, ತಿರುಗದೆ.

“ಹೌದು ಮೆನೇರ್.”

“ಆರು ತಿಂಗಳು ರಜೆ ಸಿಕ್ಕಿತು ಅದಕ್ಕೆ. ವರ್ಷಕ್ಕೆ ಆರು ತಿಂಗಳು. ನನಗೆ ಯಾರೂ ಕೊಡಲಿಲ್ಲ ಅಷ್ಟು.” ಬೆರ್ಖಿಂಗಿನ ಒಳಗೆ ನಡೆದು, “ನಿನಗೂ ಇಲ್ಲ. ಬಾಡಿಗೆಮನೆ ಆಫೀಸಿನವರು ಮೂರು ಗಂಟೆಗೆ ಈ ಕೋಣೆ ಖಾಲಿಯಾಯಿತೇ ಎಂದು ನೋಡಲು ಬರುತ್ತಾರೆ. ಪೊರಕೆ ತಗೋ” ಅಂದರು.

ತಗೊಂಡೆ.